ಮಗನ ಫೇಡ್ ಕಟ್ಟೋ, ನನ್ನ ಕಪ್ಪು ಡೈಯೋ: ಯಾವುದು ದೊಡ್ಡ ತಪ್ಪು?

ಕುಂಬಳೆ ಉಪ್ಪ
ಎಲ್ಲರಿಗೂ ಸಲಾಂ, ನಮಸ್ಕಾರ. ಮೂರು ದಿನದಿಂದ ನಮ್ಮ ಮನೆಯಲ್ಲಿ ಅಪ್ಪ ಮಗನ ಮಾತು ಬಂದ್. ಕಾರಣ ಕೂದಲು.

ಮಗನಿಗೆ 15 ವರ್ಷ. ಬರುವ ಭಾನುವಾರ ನನ್ನ ತಂಗಿಯ ಮಗಳ ನಿಕಾಹ್. ಅದಕ್ಕೆ ಅಂತ ಹುಡುಗ ಪೇಟೆಗೆ ಹೋಗಿ ಕೂದಲು ತೆಗೆಸಿಕೊಂಡು ಬಂದ. ಎರಡೂ ಬದಿ ನುಣ್ಣಗೆ, ನೆತ್ತಿಯ ಮೇಲೆ ಮಾತ್ರ ಗೆರಟೆ ಕವುಚಿದ ಹಾಗೆ. ಮರುದಿನ ಬೆಳಿಗ್ಗೆ ಮದ್ರಸದಲ್ಲಿ ಉಸ್ತಾದರು ಎಬ್ಬಿಸಿ ನಿಲ್ಲಿಸಿ, "ಇದು ಕಝಅ, ಹರಾಂ, ಸರಿ ಮಾಡಿಸಿಕೊಂಡು ಬಾ" ಎಂದರಂತೆ. ಸಂಜೆ ನಾನೂ ಬೈದೆ. ಸ್ವಲ್ಪ ಜಾಸ್ತಿಯೇ ಬೈದೆ. ಹುಡುಗ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಹೇಳಿದ: "ಉಪ್ಪ, ನಿಮ್ಮ ಗಡ್ಡಕ್ಕೆ ಹಚ್ಚಿದ್ದು ಎಂತದು?"

ಹಿಂದಿನ ರಾತ್ರಿಯಷ್ಟೇ ಬಚ್ಚಲಿನ ಕನ್ನಡಿ ಎದುರು ನಿಂತು ಕಪ್ಪು ಡೈ ಹಚ್ಚಿದ್ದೆ. ಕಿವಿಯ ಹತ್ತಿರ ಚರ್ಮಕ್ಕೆ ಹಿಡಿದ ಕಲೆ ಇನ್ನೂ ಹೋಗಿರಲಿಲ್ಲ. ಅಡುಗೆಮನೆಯಲ್ಲಿ ಹೆಂಡತಿ ನಗುವುದು ಕೇಳಿಸಿತು.

ತಿಳಿದವರು ಹೇಳಿ. ಅವನದ್ದು ನಿಜವಾಗಿ ಹರಾಮಾ? ನನ್ನದು?

ದುಬೈ ಪಾರ್ಸೆಲ್
ಹುಡುಗ ವಕೀಲ ಆಗುತ್ತಾನೆ ಇಚ್ಚ. ಬೈಯಬೇಡಿ, ಫೀಸಿಗೆ ದುಡ್ಡು ಕೂಡಿಡಿ.

ತಳಂಗರೆ ಟೊಪ್ಪಿ
ಉಸ್ತಾದರು ಹೇಳಿದ್ದು ಸರಿ. ಫುಟ್ಬಾಲ್ ಆಡುವವರ ಫೋಟೋ ಮೊಬೈಲಿನಲ್ಲಿ ತೋರಿಸಿ "ಇದೇ ಬೇಕು" ಅನ್ನುತ್ತಾರೆ ಈಗಿನ ಹುಡುಗರು. ಟೊಪ್ಪಿ ಇಟ್ಟರೆ ಬದಿಯಲ್ಲಿ ಕೋಳಿ ಪುಕ್ಕ ಕಿತ್ತ ಹಾಗೆ ಕಾಣುತ್ತದೆ. ಹದೀಸಿನಲ್ಲಿ, ಅಂದರೆ ನಬಿಯವರ (ಪ್ರವಾದಿಯವರ) ಮಾತಿನಲ್ಲಿ, ಸ್ಪಷ್ಟ ಉಂಟು: ಪೂರ್ತಿ ಬೋಳಿಸು, ಇಲ್ಲ ಪೂರ್ತಿ ಬಿಡು.

ಪಳ್ಳಿ ದರ್ಸ್
ನಾನು ಮುಸ್ಲಿಯಾರ್ (ಧರ್ಮಪಂಡಿತ) ಅಲ್ಲ. ದರ್ಸಿನಲ್ಲಿ, ಅಂದರೆ ಪಳ್ಳಿಯ (ಮಸೀದಿಯ) ಧರ್ಮಪಾಠದಲ್ಲಿ, ಆರು ವರ್ಷ ಕೂತವನು, ಈಗ ಅಡಿಕೆ ವ್ಯಾಪಾರ. ಅಷ್ಟರ ಮಟ್ಟಿಗೆ ಹೇಳುತ್ತೇನೆ.

ಕಝಅ ಅಂದರೆ ತಲೆಯ ಒಂದು ಭಾಗ ಬೋಳಿಸಿ ಇನ್ನೊಂದು ಭಾಗ ಬಿಡುವುದು. ಇಬ್ನು ಉಮರ್ ಅವರಿಂದ ಬಂದ ಹದೀಸ್ ಬುಖಾರಿ, ಮುಸ್ಲಿಂ ಅನ್ನುವ ಎರಡೂ ಹದೀಸ್ ಗ್ರಂಥಗಳಲ್ಲಿ ಉಂಟು. ಆ ಪದ ಮೊದಲು ಆಕಾಶದಲ್ಲಿ ಅಲ್ಲಲ್ಲಿ ಚದುರಿದ ಮೋಡದ ತುಂಡುಗಳಿಗೆ ಇದ್ದದ್ದು. ಪಟ್ಟೆ ಪಟ್ಟೆಯಾಗಿ ಬೋಳಿಸಿದ ತಲೆ ಹಾಗೇ ಕಾಣುತ್ತದೆ, ಅಲ್ವಾ.

ಆದರೆ ಹುಕುಂ? ಶಾಫಿ ಪಂಡಿತರಾದ ಇಮಾಂ ನವವಿ ಬರೆದದ್ದು ಹರಾಂ (ನಿಷಿದ್ಧ) ಅಂತ ಅಲ್ಲ, ಕರಾಹತ್ (ಬಿಡುವುದು ಒಳ್ಳೆಯದು) ಅಂತ, ಅದೂ ತನ್ಝೀಹಿನ ಕರಾಹತ್, ಅಂದರೆ ಹಗುರದ್ದು. ಬಿಟ್ಟರೆ ಪುಣ್ಯ, ಮಾಡಿದರೆ ಗುನಾಹ್ ಬರೆಯುವುದಿಲ್ಲ. ಗಾಯಕ್ಕೆ ಮದ್ದು ಹಚ್ಚಲು ಒಂದು ಕಡೆ ಬೋಳಿಸಿದರೆ ಅದೂ ಇಲ್ಲ. ಉಸ್ತಾದರು ಮಕ್ಕಳನ್ನು ಹದ್ದುಬಸ್ತಿನಲ್ಲಿ ಇಡಲು "ಹರಾಂ" ಅಂದಿರಬಹುದು. ಬಾಯಿಗೆ ಬರುವ ಮಾತು ಅದು. ಕಿತಾಬಿನ ಮಾತು ಬೇರೆ.

ಎರಡನೆಯದು: ಬೋಳಿಸಿದ್ದಾ, ಕತ್ತರಿಸಿದ್ದಾ? ಮಶೀನಿನಲ್ಲಿ ಗಿಡ್ಡ ಮಾಡಿದ್ದಾದರೆ ಕಝಅ ಅನ್ನಲು ಬರುವುದಿಲ್ಲ ಅನ್ನುವವರು ತುಂಬ ಜನ ಇದ್ದಾರೆ.

ತಳಂಗರೆ ಟೊಪ್ಪಿ
ಹಾಗಾದರೆ ನಾಳೆ ಎಲ್ಲರೂ ಗೆರೆ ಹಾಕಿಸಿಕೊಂಡು ಬರಲಿ ಅಂತೀರಾ? ಹಿಂದೆ ಇಂಥದ್ದು ಇತ್ತಾ?

ಕತ್ತರಿ ಬಾಚಣಿಗೆ
ಮಶೀನಿನ ಮಾತು ಬಂದದ್ದರಿಂದ ನಾನು ಹೇಳಲೇಬೇಕು. 22 ವರ್ಷದಿಂದ ಬದಿಯಡ್ಕ ಕಡೆ ಅಂಗಡಿ.

ಫೇಡ್ ಅಂದರೆ ಒಂದೇ ಅಲ್ಲ. 1ನೇ ನಂಬ್ರದ ಗಾರ್ಡ್ ಹಾಕಿದರೆ ಸುಮಾರು 3 ಮಿಲಿಮೀಟರ್ ಕೂದಲು ಉಳಿಯುತ್ತದೆ, 2ನೆಯದಕ್ಕೆ 6. ಝೀರೋ ಅಂದರೆ ಗಾರ್ಡ್ ಇಲ್ಲ, ಆದರೂ ಕೈಗೆ ಗರಗರ ತಾಗುತ್ತದೆ. ಸ್ಕಿನ್ ಫೇಡ್ ಅಂದರೆ ಮಾತ್ರ ಕೆಳಗಿನ ಒಂದು ಬೆರಳು ಜಾಗಕ್ಕೆ ಬ್ಲೇಡೋ ಶೇವರೋ ಓಡಿಸಿ ಪೂರ್ತಿ ತೆಗೆಯುವುದು. ಹುಡುಗನ ಕಿವಿಯ ಮೇಲೆ ಬೆರಳು ಆಡಿಸಿ ನೋಡಿ. ಗರಗರ ಅಂದರೆ ಕತ್ತರಿಸಿದ್ದು. ಬಾಟಲಿ ಮುಟ್ಟಿದ ಹಾಗೆ ಇದ್ದರೆ ಬೋಳಿಸಿದ್ದು.

ಗುರುವಾರ ಸಂಜೆ, ಶುಕ್ರವಾರ ಬೆಳಿಗ್ಗೆ ಜುಮಾಕ್ಕೆ ಮೊದಲು ನನ್ನ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಉಪ್ಪಂದಿರು ಒಳಗೆ ಬಂದು "ಉಸ್ತಾದರಿಗೆ ಸಿಟ್ಟು ಬಾರದ ಹಾಗೆ ಮಾಡು" ಅನ್ನುತ್ತಾರೆ. ಉಪ್ಪ ಚಹಾಕ್ಕೆ ಹೊರಗೆ ಹೋದ ಕೂಡಲೇ ಮಗ ಮೊಬೈಲ್ ತೆಗೆಯುತ್ತಾನೆ. ನಾನು ಯಾರ ಮಾತು ಕೇಳಬೇಕು?

ಕುಂಬಳೆ ಉಪ್ಪ
ಈಗಷ್ಟೇ ಮಲಗಿದವನ ತಲೆ ಮುಟ್ಟಿ ಬಂದೆ. ಮೇಲೆ ಗರಗರ, ಕಿವಿಯ ಪಕ್ಕ ಒಂದು ಬೆರಳು ಬಾಟಲಿ.

ದುಬೈ ಪಾರ್ಸೆಲ್
ಒಂದು ಬೆರಳು ಕರಾಹತ್!

ಬೇಳದ ಭಟ್ರು
ಮುಸ್ಲಿಮರ ಮಾತಿನ ನಡುವೆ ಬಾಯಿ ಹಾಕುತ್ತೇನೆ, ಬೇಜಾರು ಮಾಡಬೇಡಿ. ನಮ್ಮಲ್ಲಿ ಚೌಲದ ದಿನ ನೆತ್ತಿಯಲ್ಲಿ ಜುಟ್ಟು ಬಿಟ್ಟು ಉಳಿದದ್ದೆಲ್ಲ ತೆಗೆಯುವುದು ಕ್ರಮ. ನಿಮ್ಮಲ್ಲಿ ಅದನ್ನೇ ಬಿಡಬೇಡಿ ಅಂತ. ನನ್ನ ಅಣ್ಣನ ಮಗ ಜುಟ್ಟು ಬೇಡ ಅಂತ ಚಿಕ್ಕವನಿದ್ದಾಗ ಮನೆಯಿಡೀ ಅತ್ತು ಕರೆದವನು. ಈಗ ಮಂಗಳೂರಿನಲ್ಲಿ ದುಡ್ಡು ಕೊಟ್ಟು ಅದೇ ಜುಟ್ಟು ಬಿಟ್ಟು ಬದಿ ಬೋಳಿಸಿಕೊಂಡು ಬಂದಿದ್ದಾನೆ. ಅಜ್ಜಿಗೆ ಖುಷಿಯೋ ಖುಷಿ.

ಪಳ್ಳಿ ದರ್ಸ್
ಭಟ್ರೇ, ಕಝಅ ಬೇಡ ಎಂದದ್ದಕ್ಕೆ ಕಾರಣ ಹೇಳುವಾಗ ಬೇರೆ ಸಮುದಾಯದವರ ರೀತಿ ಆಗುತ್ತದೆ ಅಂತಲೂ ಕೆಲವು ಪಂಡಿತರು ಹೇಳಿದ್ದಾರೆ, ನೋಡಲು ವಿಕಾರ ಆಗುತ್ತದೆ ಅಂತಲೂ ಹೇಳಿದ್ದಾರೆ. ನಿಮ್ಮ ಅಜ್ಜಿ ಎರಡನೆಯದನ್ನು ಒಪ್ಪುವುದಿಲ್ಲ ಅಂತ ಕಾಣುತ್ತದೆ.

ಈಗ ಕುಂಬಳೆ ಇಚ್ಚನ ಗಡ್ಡಕ್ಕೆ ಬರೋಣ. ಬೇಜಾರಾಗಬೇಡಿ.

ಮಕ್ಕಾ ವಿಜಯದ ದಿನ ನಬಿಯವರ ಒಡನಾಡಿ ಅಬೂಬಕರ್ ಸಿದ್ದೀಕರ ತಂದೆ ಅಬೂ ಕುಹಾಫರನ್ನು ಕರೆದುಕೊಂಡು ಬಂದರು. ತಲೆ, ಗಡ್ಡ ಎರಡೂ ಬಿಳಿ ಹೂವಿನ ಗಿಡದಷ್ಟು ಬೆಳ್ಳಗೆ. ನಬಿಯವರು ಹೇಳಿದ್ದು: ಇದನ್ನು ಯಾವುದಾದರೂ ಬಣ್ಣದಿಂದ ಬದಲಿಸಿ, ಕಪ್ಪು ಮಾತ್ರ ಬೇಡ. ಜಾಬಿರ್ ಅವರ ಈ ವರದಿ ಮುಸ್ಲಿಂ ಗ್ರಂಥದಲ್ಲಿ ಉಂಟು. ಅಂದರೆ ಬಣ್ಣ ಹಚ್ಚಬಾರದು ಅಂತ ಅಲ್ಲ, ಹಚ್ಚಿ ಅಂತಲೇ ಇರುವುದು. ಅಬೂಬಕರರು ಮದರಂಗಿಗೆ ಕತಮ್ ಅನ್ನುವ ಗಿಡದ ಎಲೆ ಸೇರಿಸಿ ಹಚ್ಚುತ್ತಿದ್ದರು, ಉಮರರು ಬರೀ ಮದರಂಗಿ.

ನಾವು ಅನುಸರಿಸುವ ಶಾಫಿ ಮದ್‌ಹಬಿನಲ್ಲಿ (ಧರ್ಮನಿಯಮದ ಪಂಥದಲ್ಲಿ) ನವವಿಯವರು ಸರಿ ಎಂದದ್ದು ಕಪ್ಪು ಹರಾಂ ಅನ್ನುವ ಅಭಿಪ್ರಾಯ. ಯುದ್ಧಕ್ಕೆ ಹೋಗುವವನಿಗೆ ಮಾತ್ರ ರಿಯಾಯಿತಿ. ತಂಗಿ ಮಗಳ ನಿಕಾಹ್ ಯುದ್ಧದಲ್ಲಿ ಬರುವುದಿಲ್ಲ.

ಹಾಗಾಗಿ ಲೆಕ್ಕ ಹಾಕಿದರೆ, ಮಗನದ್ದು ಕರಾಹತ್, ನಿಮ್ಮದು ಹರಾಂ. ತಕ್ಕಡಿ ನಿಮ್ಮ ಕಡೆ ಬಾಗಿತು.

ಕುಂಬಳೆ ಉಪ್ಪ
ಇದನ್ನು ಹೆಂಡತಿ ಓದುವ ಮೊದಲು ಅಳಿಸಲು ಆಗುತ್ತದಾ?

ಚೆರ್ಕಳ ಇತ್ತ
ಓದಿದಳು. ಅವಳೇ ನನಗೆ ಕಳಿಸಿದ್ದು. 🙂

ಉಪ್ಪಳ ಸಾಹೇಬ
ನಿಲ್ಲಿ ನಿಲ್ಲಿ. ಕಾಸರಗೋಡಿನಲ್ಲಿ ಶಾಫಿಗಳು ಮಾತ್ರ ಇದ್ದಾರಾ? ನಮ್ಮ ಉಪ್ಪಳದಲ್ಲಿ ಮನೆಯಲ್ಲಿ ಉರ್ದು ಮಾತಾಡುವ, ಹನಫಿ ಮದ್‌ಹಬಿನವರು ಎಷ್ಟೋ ತಲೆಮಾರಿನಿಂದ ಇದ್ದೇವೆ. ನಮ್ಮಲ್ಲಿ ಕಪ್ಪು ಮಕ್ರೂಹ್ (ಕರಾಹತ್ ಇರುವಂಥದ್ದು) ಅನ್ನುವವರೇ ಜಾಸ್ತಿ, ಆದರೆ ಇಮಾಂ ಅಬೂ ಯೂಸುಫ್ ಅವಕಾಶ ಕೊಟ್ಟಿದ್ದಾರೆ. "ನನಗೆ ಹೆಂಡತಿ ಚಂದ ಕಾಣಲಿ ಅಂತ ಆಸೆ ಇರುವ ಹಾಗೆ, ನಾನು ಚಂದ ಕಾಣಲಿ ಅಂತ ಅವಳಿಗೂ ಆಸೆ ಇರುತ್ತದೆ" ಅನ್ನುವುದು ಅವರ ವಾದ. ಸಹಾಬಿಗಳಲ್ಲೇ (ನಬಿಯವರನ್ನು ಕಂಡ ಒಡನಾಡಿಗಳಲ್ಲೇ) ಹಸನ್, ಹುಸೈನ್ ಕಪ್ಪು ಹಚ್ಚಿದ ವರದಿಗಳು ಉಂಟು. ಎಲ್ಲದಕ್ಕೂ ಹರಾಂ ಸೀಲ್ ಹೊಡೆಯಬೇಡಿ.

ಪಳ್ಳಿ ದರ್ಸ್
ಸಾಹೇಬರೇ, ಒಪ್ಪಿದೆ. ಆದರೆ ಇಚ್ಚ ಶಾಫಿ. ವರ್ಷವಿಡೀ ಶಾಫಿಯಾಗಿದ್ದು ಡೈ ಹಚ್ಚುವ ರಾತ್ರಿ ಮಾತ್ರ ಉಪ್ಪಳಕ್ಕೆ ಬಸ್ಸು ಹತ್ತಿದರೆ ಹೇಗೆ?

ಉಪ್ಪಳ ಸಾಹೇಬ
ಹ್ಹ ಹ್ಹ. ಬರಲಿ, ಬಿರಿಯಾನಿ ಕೊಟ್ಟು ಕಳಿಸುತ್ತೇವೆ.

ಗಡಿನಾಡ ಗಡ್ಡ
ಡೈ ಇರಲಿ, ಗಡ್ಡ ಬೋಳಿಸುವವರ ಬಗ್ಗೆ ಯಾಕೆ ಯಾರೂ ಮಾತಾಡುವುದಿಲ್ಲ?

ಕತ್ತರಿ ಬಾಚಣಿಗೆ
ಅಣ್ಣ ದಯವಿಟ್ಟು. ಅದನ್ನು ಎತ್ತಿದರೆ ಈ ಚರ್ಚೆ ರಂಜಾನ್ ತನಕ ಮುಗಿಯುವುದಿಲ್ಲ. ನನ್ನ ಹೊಟ್ಟೆಪಾಡಿನ ಪ್ರಶ್ನೆಯೂ ಉಂಟು.

ಚರ್ಮದ ಮದ್ದು
ಧರ್ಮದ ಮಾತು ನಿಮಗೆ ಬಿಟ್ಟೆ. ನಾನು ಚರ್ಮದ ಡಾಕ್ಟರು. ಕಪ್ಪು ಡೈಗಳಲ್ಲಿ ಹೆಚ್ಚಿನವಕ್ಕೆ ಪಿಪಿಡಿ ಅನ್ನುವ ರಾಸಾಯನಿಕ ಇರುತ್ತದೆ. ಕೆಲವರಿಗೆ ಅದು ಅಲರ್ಜಿ. ಹತ್ತು ವರ್ಷ ಏನೂ ಆಗದೆ ಹನ್ನೊಂದನೇ ವರ್ಷ ಒಮ್ಮೆಲೇ ಮುಖ ಊದಿಕೊಂಡು ಬರುವವರೂ ಉಂಟು. ಅಂಗಡಿಯ "ಕಪ್ಪು ಮೆಹೆಂದಿ" ಅಂದರೆ ಎಲೆಯ ಪುಡಿ ಅಂತ ನಂಬಬೇಡಿ. ಮದರಂಗಿ ಎಲೆ ಕೆಂಪು, ಕಿತ್ತಳೆ, ಕಂದು ಕೊಡುತ್ತದೆ, ಕಪ್ಪು ಕೊಡುವುದೇ ಇಲ್ಲ. ಕಪ್ಪಾಯಿತು ಅಂದರೆ ಒಳಗೆ ಬೇರೆ ಏನೋ ಉಂಟು. ಮಕ್ಕಳ ಕೈಗೆ ಹಬ್ಬಕ್ಕೆ ಅಂಥದ್ದು ಹಚ್ಚಲೇಬೇಡಿ. ಒಮ್ಮೆ ಅಲರ್ಜಿ ಹಿಡಿದರೆ ಜೀವನವಿಡೀ ಇರುತ್ತದೆ. ದೊಡ್ಡವರು ಹಚ್ಚುವುದೇ ಆದರೆ ಮೊದಲು ಕಿವಿಯ ಹಿಂದೆ ಚೂರು ಹಚ್ಚಿ 48 ಗಂಟೆ ಕಾಯಿರಿ.

ಮುಳ್ಳೇರಿಯ ಮಾಮ
ಡಾಕ್ಟರು ಹೇಳಿದ್ದು ನನಗೇ ಆದದ್ದು. ನನ್ನ ಸ್ವಂತ ಮಗಳ ಮದುವೆ. ಹಿಂದಿನ ರಾತ್ರಿ "ಹತ್ತೇ ನಿಮಿಷ" ಅಂತ ಬರೆದ ಒಂದು ಪ್ಯಾಕೆಟ್ ತಂದು ತಲೆಗೆ ಹಚ್ಚಿ ಮಲಗಿದೆ. ಬೆಳಿಗ್ಗೆ ಕಣ್ಣು ತೆರೆಯಲು ನೋಡಿದರೆ ಆಗುತ್ತಿಲ್ಲ. ರೆಪ್ಪೆ ಇಡ್ಲಿ ಆಗಿತ್ತು. ಹಣೆಯ ಅಂಚಿನಲ್ಲಿ ನೀರು ಸೋರುವ ಗುಳ್ಳೆಗಳು. ಇಂಜೆಕ್ಷನ್ ಹಾಕಿಸಿ, ಕಪ್ಪು ಕನ್ನಡಕ ಇಟ್ಟು ನಿಕಾಹಿಗೆ ಕೂತೆ. ಅಳಿಯನ ಕೈ ಹಿಡಿಯಬೇಕಾದವನು ಪಕ್ಕದಲ್ಲಿದ್ದ ಫೋಟೋಗ್ರಾಫರನ ಕೈ ಹಿಡಿದೆ.

ದುಬೈ ಪಾರ್ಸೆಲ್
ಮಾಮ, ನಿಕಾಹ್ ಯಾರ ಜೊತೆ ಆಯಿತು ಕೊನೆಗೆ?

ಮುಳ್ಳೇರಿಯ ಮಾಮ
ಅಳಿಯನ ಜೊತೆಯೇ. ಖತೀಬರು ಕೈ ತಿರುಗಿಸಿ ಕೊಟ್ಟರು.

ಚೆರ್ಕಳ ಇತ್ತ
ಗಂಡಸರ ಗಡ್ಡದ ಮಾತೇ ಮಾತು. ತಲೆಗೂದಲು ಉದ್ದ ಇರುವುದು ನಮಗೆ. ನಮ್ಮದನ್ನು ಯಾರೂ ಕೇಳುವುದಿಲ್ಲ.

ನಮ್ಮ ಉಮ್ಮುಮ್ಮ (ಅಜ್ಜಿ) ಸಂಜೆ ಜಗಲಿಯಲ್ಲಿ ಕೂತು ನನ್ನ ತಲೆ ಬಾಚುತ್ತಿದ್ದರು. ಬಾಚಣಿಗೆಗೆ ಬಂದ ಕೂದಲನ್ನು ಬೆರಳಿಗೆ ಸುತ್ತಿ ಸುತ್ತಿ ಸಣ್ಣ ಉಂಡೆ ಮಾಡುವುದು, ಬಿಸ್ಮಿ ಹೇಳಿ ಅದನ್ನು ಮುರಕಲ್ಲಿನ ಗೋಡೆಯ ತೂತಿಗೆ ತುರುಕುವುದು. ಗಾಳಿಗೆ ಹಾರಬಾರದು, ಯಾರ ಕಾಲಡಿಗೂ ಬೀಳಬಾರದು ಅಂತ. ಹಳೆ ಮನೆ ಕೆಡವಿದಾಗ ಒಂದೊಂದು ತೂತಿನಿಂದಲೂ ಉಂಡೆ ಬಿತ್ತು. ಕೆಲವು ಕಪ್ಪು, ಕೆಲವು ಬಿಳಿ. ಕೆಲಸದವರು ಹೆದರಿ ಮಾಟ ಅಂತ ಕೆಲಸ ನಿಲ್ಲಿಸಿದರು!

ಕತ್ತರಿಸಿದ ಕೂದಲು, ಉಗುರು ಹೂಳುವುದು ಒಳ್ಳೆಯದು ಅಂತ ಪಂಡಿತರು ಹೇಳಿದ್ದು ಹೌದು. ಗೋಡೆಗೆ ತುರುಕುವುದು ಉಮ್ಮುಮ್ಮನ ಸ್ವಂತ ಸಂಶೋಧನೆ.

ಹೆರಿಗೆಯಾಗಿ ಮೂರು ತಿಂಗಳಿಗೆ ನನ್ನ ಕೂದಲು ಹಿಡಿ ಹಿಡಿ ಉದುರಿತು. ಎಲ್ಲರೂ ಕಣ್ಣು ತಾಗಿದೆ ಅಂದರು. ಡಾಕ್ಟರು ನಕ್ಕು, ಹೆರಿಗೆ ಆದವರಿಗೆ ಹೀಗೆ ಆಗುವುದುಂಟು, ತಾನಾಗಿ ಬರುತ್ತದೆ ಅಂದರು. ಬಂತು. ಅಲ್ಲಿಯ ತನಕ ತೆಂಗಿನೆಣ್ಣೆ, ದಾಸವಾಳ ಸೊಪ್ಪಿನ ಗೊಂಪು. ಒದ್ದೆ ತಲೆಗೆ ಬಿಗಿಯಾಗಿ ಸ್ಕಾರ್ಫ್ ಕಟ್ಟುವುದು ಬಿಟ್ಟೆ, ಅರ್ಧ ಹೊಟ್ಟು ಅದರಿಂದಲೇ ಹೋಯಿತು. ಬೆಳಿಗ್ಗೆ ಅವಸರದಲ್ಲಿ ಎಲ್ಲರೂ ಮಾಡುವುದು ಅದನ್ನೇ.

ಮದರಂಗಿ ಕೈ
ಇತ್ತ (ಅಕ್ಕ), ಒಂದು ಸಂಶಯ. ದೊಡ್ಡ ಸ್ನಾನಕ್ಕೆ (ಶುದ್ಧಿಯ ಕಡ್ಡಾಯ ಸ್ನಾನಕ್ಕೆ) ಜಡೆ ಬಿಚ್ಚಲೇಬೇಕಾ? ನನ್ನದು ಸೊಂಟದ ತನಕ, ಗುಂಗುರು. ಬಿಚ್ಚಿ ಕಟ್ಟಲು ಒಂದು ಗಂಟೆ.

ಚೆರ್ಕಳ ಇತ್ತ
ನಬಿಯವರ ಪತ್ನಿ ಉಮ್ಮು ಸಲಮ ಬೀವಿ ಇದನ್ನೇ ನಬಿಯವರಲ್ಲಿ ಕೇಳಿದ್ದಾರೆ. ಜಡೆ ಬಿಗಿಯಾಗಿ ಹೆಣೆಯುವವಳು ನಾನು, ಬಿಚ್ಚಬೇಕಾ ಅಂತ. ಬೇಡ, ತಲೆಗೆ ಮೂರು ಬೊಗಸೆ ನೀರು ಹೊಯ್ದರೆ ಸಾಕು ಅಂತ ಉತ್ತರ. ಆದರೆ ನೀರು ಬುಡಕ್ಕೆ, ಕೂದಲಿನ ಒಳಗೆ ಇಳಿಯಬೇಕು. ಬಿಗಿ ಜಡೆಗೆ ಇಳಿಯದಿದ್ದರೆ ಶಾಫಿಯಲ್ಲಿ ಬಿಚ್ಚಬೇಕು. ನಿನ್ನ ಗುಂಗುರಿಗೆ ಸಡಿಲ ಜಡೆ ಹಾಕು, ಮುಗಿಯಿತು.

ಮದರಂಗಿ ಕೈ
ಮತ್ತೆ ಚೌರಿ? ಮದುಮಗಳಿಗೆ ಕಟ್ಟುತ್ತಾರಲ್ಲ.

ಪಳ್ಳಿ ದರ್ಸ್
ಮನುಷ್ಯರ ಕೂದಲಿನ ಚೌರಿ ಬೇಡವೇ ಬೇಡ. ಕೂದಲಿಗೆ ಕೂದಲು ಜೋಡಿಸುವವಳಿಗೂ ಜೋಡಿಸಿಕೊಳ್ಳುವವಳಿಗೂ ಶಾಪ ಉಂಟು ಅಂತ ಹದೀಸ್. ಕೂದಲಿನ ಹಾಗೆ ಕಾಣದ ಬಣ್ಣದ ರೇಷ್ಮೆ ದಾರ, ಟೇಪು, ಮಲ್ಲಿಗೆ, ಇದಕ್ಕೆಲ್ಲ ತೊಂದರೆ ಇಲ್ಲ.

ಬೋಳು ಬಾವ
ನನ್ನ ಪ್ರಶ್ನೆ ಬಾಕಿ. ಕೂದಲು ಕಸಿ ಮಾಡಿಸಬಹುದಾ? ಹಿಂದಿನಿಂದ ಕಿತ್ತು ಮುಂದೆ ನೆಡುವುದು.

ಪಳ್ಳಿ ದರ್ಸ್
ಸ್ವಂತ ಕೂದಲಾದರೆ ಆಗುತ್ತದೆ ಅಂತ ಈಗಿನ ಹಲವು ಪಂಡಿತರು. ಹದೀಸಿನಲ್ಲಿ ಬನೂ ಇಸ್ರಾಯೀಲರ (ಇಸ್ರೇಲ್ ಸಂತತಿಯ) ಮೂವರ ಕತೆ ಉಂಟಲ್ಲ: ಕುಷ್ಠದವನು, ಬೋಳನು, ಕುರುಡನು. ಮಲಕ್ (ದೇವದೂತ) ಬಂದು ಎಂತ ಬೇಕು ಅಂತ ಕೇಳಿದಾಗ ಬೋಳನು ಒಳ್ಳೆ ಕೂದಲು ಬೇಕು ಅಂದ, ಸಿಕ್ಕಿತು. ಕೂದಲು ಬೇಕು ಅನ್ನುವ ಆಸೆ ತಪ್ಪಲ್ಲ ಅನ್ನಲು ಅದನ್ನು ತೋರಿಸುತ್ತಾರೆ.

ಬೇಳದ ಭಟ್ರು
ಅವನಿಗೆ ಪುಕ್ಕಟೆ ಸಿಕ್ಕಿತು ಬಾವ. ನಮಗೆ ತೋಟ ಅಡವು ಇಡಬೇಕು.

ಮೊಗ್ರಾಲಿನ ಅಜ್ಜ
ನಾನು ಹುಡುಗನಾಗಿದ್ದಾಗ ಈ ಪ್ರಶ್ನೆಯೇ ಇರಲಿಲ್ಲ. ಒಸ್ಸಾನ್ ಮನೆಗೇ ಬರುತ್ತಿದ್ದ. ತಗಡಿನ ಪೆಟ್ಟಿಗೆಯಲ್ಲಿ ಕತ್ತಿ, ಕೈಯಲ್ಲಿ ಒತ್ತುವ ಮಶೀನ್, ಪಟಿಕದ ತುಂಡು. ಮನೆಯ ಗಂಡುಮಕ್ಕಳೆಲ್ಲ ಸಾಲಾಗಿ ಕೂತರೆ ಒಬ್ಬೊಬ್ಬರ ಮಂಡೆ ಬೋಳಾಗಿ ಎದ್ದು ಬರುವುದು. ಮಶೀನಿಗೆ ಎಣ್ಣೆ ಇಲ್ಲದಿದ್ದರೆ ಕೂದಲು ಕಿತ್ತು ಬರುತ್ತಿತ್ತು, ಅತ್ತರೆ ಉಪ್ಪನಿಂದ ಇನ್ನೊಂದು. ಫೇಡೂ ಇಲ್ಲ, ಕಝಅವೂ ಇಲ್ಲ. ಎಲ್ಲರೂ ಒಂದೇ ಬೋಳು.

ಆದರೆ ನಬಿಯವರ ಕೂದಲು ಬೋಳಾಗಿರಲಿಲ್ಲ ಮಕ್ಕಳೇ. ಕೆಲವೊಮ್ಮೆ ಕಿವಿಯ ತನಕ, ಕೆಲವೊಮ್ಮೆ ಭುಜದ ತನಕ. ಮಕ್ಕಾಕ್ಕೆ ಬಂದಾಗ ನಾಲ್ಕು ಜಡೆ ಇತ್ತು ಅಂತ ಉಮ್ಮು ಹಾನಿ ಹೇಳಿದ್ದಾರೆ. ಪಳ್ಳಿಯಲ್ಲಿ ಇಅತಿಕಾಫ್ (ಹೊರಗೆ ಹೋಗದೆ ಆರಾಧನೆಗೆ) ಕೂತಾಗ ತಲೆ ಮಾತ್ರ ಹೊರಗೆ ಚಾಚುವುದು, ಪತ್ನಿ ಆಯಿಷಾ ಬೀವಿ ಮನೆಯ ಒಳಗಿಂದಲೇ ಬಾಚಿಕೊಡುವುದು. ಇದನ್ನು ಹೇಳಿದರೆ ನನ್ನ ಮೊಮ್ಮಗ "ಹಾಗಾದರೆ ಅಜ್ಜ, ನಾನೂ ಭುಜದ ತನಕ ಬಿಡುತ್ತೇನೆ" ಅಂದ. ಬಿಡು, ಆದರೆ ಗುಡಿಸದ ಅಂಗಳದ ಹಾಗೆ ಇಡಬೇಡ ಅಂದೆ. ಕೂದಲು ಇರುವವನು ಅದಕ್ಕೆ ಗೌರವ ಕೊಡಲಿ ಅಂತ ಹದೀಸ್ ಉಂಟು.

ಚೆರ್ಕಳ ಇತ್ತ
ಅಜ್ಜ, ಗೌರವ ಜಾಸ್ತಿ ಆದರೂ ಕಷ್ಟ. ಕುಂಬಳೆಯ ಹುಡುಗ ಕನ್ನಡಿ ಎದುರು ಮುಕ್ಕಾಲು ಗಂಟೆ ನಿಲ್ಲುತ್ತಾನಂತೆ, ಅವನ ಉಮ್ಮನೇ ಹೇಳಿದ್ದು. ಬಾಚುವುದು ದಿನ ಬಿಟ್ಟು ದಿನ ಸಾಕು ಅಂತಲೂ ಹದೀಸ್ ಉಂಟಲ್ಲ. ಇಡೀ ದಿನ ಅದರಲ್ಲೇ ಮುಳುಗಬೇಡ ಅಂತ ಅದರ ಅರ್ಥ.

ಕತ್ತರಿ ಬಾಚಣಿಗೆ
ತಲೆಗೆ ವ್ಯಾಕ್ಸ್ ಮೆತ್ತುತ್ತಾನಾದರೆ ದೊಡ್ಡ ಸ್ನಾನಕ್ಕೆ ಮೊದಲು ಶಾಂಪೂ ಹಾಕಿ ತೆಗೆಯಲು ಹೇಳಿ. ನೀರು ಮೇಲೆಯೇ ಜಾರುತ್ತದೆ, ಕೆಸುವಿನ ಎಲೆಯ ಹಾಗೆ.

ತಳಂಗರೆ ಟೊಪ್ಪಿ
ಎಲ್ಲ ಸರಿ. ಆದರೂ ನನ್ನ ಮಗನಿಗೆ ನಾನು ಬಿಡುವುದಿಲ್ಲ.

ಪಳ್ಳಿ ದರ್ಸ್
ಬಿಡಬೇಡಿ. ಉಪ್ಪನಾಗಿ ಬೇಡ ಅನ್ನಿ, ಅದು ನಿಮ್ಮ ಹಕ್ಕು. ಅಲ್ಲಾಹನ ಹೆಸರಲ್ಲಿ ಹರಾಂ ಅನ್ನುವಾಗ ಮಾತ್ರ ಕಿತಾಬು ನೋಡಿ.

ಕುಂಬಳೆ ಉಪ್ಪ
*(ಎರಡು ತಿಂಗಳ ನಂತರ)*
ತುಂಬ ಜನ ಮತ್ತೆ ಎಂತಾಯಿತು ಅಂತ ಕೇಳಿದ್ದಾರೆ.

ನಿಕಾಹಿನ ಎರಡು ದಿನ ಮೊದಲು ಇಬ್ಬರೂ ಒಟ್ಟಿಗೆ ಅಂಗಡಿಗೆ ಹೋದೆವು. ಇಲ್ಲಿ ಓದಿದ್ದೆಲ್ಲ ಮಗನಿಗೆ ಮೊದಲೇ ತೋರಿಸಿದ್ದೆ, ತಕ್ಕಡಿ ಬಾಗಿದ್ದನ್ನೂ ಸೇರಿಸಿ. ಅವನು ಒಂದು ಷರತ್ತು ಹಾಕಿದ: "ನಾನು ಮೇಲಿನದ್ದು ಇಳಿಸುತ್ತೇನೆ, ನೀವು ಇನ್ನು ಕಪ್ಪು ಮುಟ್ಟಬಾರದು." ಕೈ ಕೊಟ್ಟೆ. ಇಡೀ ತಲೆಗೆ 2ನೇ ನಂಬ್ರ ಓಡಿಸಿದರು. ಮದುವೆಯಲ್ಲಿ ಒಬ್ಬರು "ಎಂತ ಮೋನೆ, ಉಮ್ರಾ ಮಾಡಿ ಬಂದೆಯಾ?" ಅಂತ ಕೇಳಿದರು, ಆ ಮಕ್ಕಾ ಯಾತ್ರೆಯಲ್ಲಿ ತಲೆ ಬೋಳಿಸುವುದುಂಟಲ್ಲ. ನನ್ನ ಕಪ್ಪು ಗಡ್ಡ ನೋಡಿ ಯಾರೂ ಏನೂ ಕೇಳಲಿಲ್ಲ. ಅದೇ ಚುಚ್ಚಿದ್ದು.

ಆಮೇಲೆ ಬಿಟ್ಟೆ. ಡೈ ತೊಳೆದರೆ ಹೋಗುವುದಿಲ್ಲವಲ್ಲ, ತಿಂಗಳಿಗೆ ಬರುವುದು ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಬುಡ ಬಿಳಿ, ತುದಿ ಕಪ್ಪು. ಅರ್ಧ ಸುಣ್ಣ ಬಳಿದು ಬಿಟ್ಟ ಗೋಡೆಯ ಹಾಗೆ ತಿರುಗಾಡಿದೆ. ಮೊನ್ನೆ ಕಪ್ಪು ತುದಿ ಪೂರ್ತಿ ಕತ್ತರಿಸಿ ಮದರಂಗಿ ಹಚ್ಚಿದೆ. ಚಹಾದ ಡಿಕಾಕ್ಷನ್‌ನಲ್ಲಿ ರಾತ್ರಿಯಿಡೀ ನೆನೆಸಿದ್ದು. ಮೊದಲ ದಿನ ಹಣ್ಣಡಿಕೆಯ ಬಣ್ಣ. ಹೆಂಡತಿ ನೋಡಿ ನೋಡಿ ನಕ್ಕಳು. ಮೂರನೇ ದಿನಕ್ಕೆ ಸ್ವಲ್ಪ ಕಂದು ತಿರುಗಿದೆ.

ನಿನ್ನೆ ಜುಮಾ ಮುಗಿದ ಮೇಲೆ ಉಸ್ತಾದರು ಬಾಗಿಲ ಹತ್ತಿರ ನಿಲ್ಲಿಸಿದರು. ಮಗನ ವಿಷಯ ಇರಬೇಕು ಅಂದುಕೊಂಡೆ. ಅವರು ನನ್ನ ಗಡ್ಡವನ್ನೇ ನೋಡುತ್ತಾ ತಗ್ಗಿದ ದನಿಯಲ್ಲಿ ಕೇಳಿದರು: "ಎಲೆ ಎಲ್ಲಿಂದ ತಂದದ್ದು?"

ಚೆರ್ಕಳ ಇತ್ತ
ನಮ್ಮ ಹಿತ್ತಿಲಿನದ್ದು. ಉಸ್ತಾದರಿಗೂ ಬೇಕಾದರೆ ಕೊಯ್ದು ಇಡುತ್ತೇನೆ. ಮಳೆ ಹಿಡಿಯುವ ಮೊದಲು ಬರಲು ಹೇಳಿ, ಮತ್ತೆ ಒಣಗುವುದಿಲ್ಲ.